ಹೊಸ ಹೀರೋನ ಬೆನ್ನು

ಜೂನ್ ೩

ಅಕ್ಕಾ,

ಕ್ಷೇಮ ಸಮಾಚಾರ ಅಂತೆಲ್ಲ ಶುರು ಮಾಡೋಕೆ ನಂಗೆ ಬರಲ್ಲ. ಎಂಟನೇ ಕ್ಲಾಸಿಗೇ ಬ್ಯಾಗು ಬಿಸಾಕಿ ಬಂದೋನು ನಾನು. ಇಷ್ಟುದ್ದ ಬರೀತಿರೋದು ಇದೇ ಮೊದಲು. ಅಕ್ಷರ ನೋಡಿ ನಗಬೇಡ.

ಫೋನು ಯಾಕೆ ಹೋಗ್ತಿಲ್ಲ ಅಂತ ನೀನು ಕಂಗಾಲಾಗಿರ್ತೀಯ. ಇಲ್ಲಿ ಗೇಟಿನಲ್ಲೇ ಎಲ್ಲರ ಫೋನೂ ಕಿತ್ಕೊಂಡು ಒಂದು ಪೆಟ್ಟಿಗೆಗೆ ಹಾಕಿ ಬೀಗ ಜಡಿದ್ರು. ಗೂಢಚಾರಿ ಸಿನಿಮಾ ಅಂತೆ, ಕಥೆ ಹೊರಗೆ ಹೋಗಬಾರದಂತೆ. ಹೊಸ ಹೀರೋ ಒಬ್ಬನ್ನ ಇದರಲ್ಲೇ ಮೊದಲು ತೋರಿಸ್ತಾರಂತೆ, ಅವನ ಒಂದು ಫೋಟೋ ಹೊರಗೆ ಬಿದ್ರೂ ಆಕಾಶ ಕಳಚಿ ಬೀಳತ್ತಂತೆ. ಬೇಕಾದ್ರೆ ಕಾಗದ ಬರ್ಕೊಳ್ಳಿ ಅಂದ್ರು. ನಾವು ಬರೆದಿದ್ದನ್ನ ಪ್ರೊಡಕ್ಷನ್ ಮ್ಯಾನೇಜರ್ ಓದಿ, ಅವನಿಗೆ ಬೇಡದ್ದನ್ನ ಕತ್ತರಿಸಿ ಪೋಸ್ಟಿಗೆ ಹಾಕ್ತಾನೆ. ಸುಮ್ನೆ ಮಾತಿಗೆ ಹೇಳ್ತಿಲ್ಲ, ಅಂಗಿ ಜೇಬಿನಲ್ಲಿ ಪುಟ್ಟ ಕತ್ತರಿ ಇಟ್ಕೊಂಡೇ ಓಡಾಡ್ತಾನೆ. ನಾವೆಲ್ಲ ಅವನಿಗೆ ಕತ್ತರಿ ಅಂತಾನೇ ಹೆಸರಿಟ್ಟಿದೀವಿ. ಅವನ ಕೈಗೆ ನನ್ನ ಕಾಗದ ಕೊಡೋಕೆ ನಂಗೇನು ತಲೆ ಕೆಟ್ಟಿಲ್ಲ. ನೀರಿನ ಲಾರಿ ಡ್ರೈವರ್ ಹೊರಗೆ ಹೋಗಿ ಪೋಸ್ಟ್ ಮಾಡ್ತಾನೆ. ನೀನು ಮಾತ್ರ ಕಂಪನಿ ಅಡ್ರೆಸ್ಸಿಗೇ ಬರಿ. ಹೊರಗಿಂದ ಬರೋದನ್ನ ಅವನು ಮುಟ್ಟಲ್ವಂತೆ.

ಕೆಲಸ ಹೇಗೆ ಸಿಕ್ತು ಕೇಳು. ಟೈರ್ ಅಂಗಡಿ ಮುಂದೆ ಅಂಗಿ ಬಿಚ್ಚಿ ಲೋಡ್ ಇಳಿಸ್ತಿದ್ದೆ. ಕಾರಿಂದ ಒಬ್ಬ ಇಳಿದು ಬಂದು, ತಿರುಗು ಅಂದ. ತಿರುಗಿದೆ. ಟೇಪ್ ಹಿಡಿದು ಅಳೆದ. ಮತ್ತೆ ಈ ಕಡೆ ತಿರುಗು ಅನ್ನಲೇ ಇಲ್ಲ. ಹೊಸ ಹೀರೋನ ಬೆನ್ನೂ ನನ್ನ ಬೆನ್ನೂ ಒಂದೇ ಅಳತೆಯಂತೆ. ನನ್ನ ಬೆನ್ನಿಗೆ ಕೆಲಸ ಸಿಕ್ತು, ನಾನು ಅದರ ಜೊತೆ ಪುಕ್ಕಟೆ ಬಂದೆ.

ಕಷ್ಟ ಏನಿಲ್ಲ. ಹೀರೋಗೆ ಸುಸ್ತಾದಾಗ ಅವನ ಬಟ್ಟೆ ಹಾಕ್ಕೊಂಡು ಹಿಂದೆ ತಿರುಗಿ ನಿಲ್ಲೋದು. ಅಷ್ಟೇ. ನೀನು ಹೊಟ್ಟೆ ತುಂಬ ಉಣ್ಣು, ನಿದ್ದೆ ಮಾಡು.

ನಿನ್ನ ತಮ್ಮ


ಜೂನ್ ೧೧

ಪ್ರೀತಿಯ ತಮ್ಮ,

ಕಾಗದ ಬಂತು. ನಗಲಿಲ್ಲ. ಎರಡು ಸಲ ಓದಿದೆ.

ನಿನಗೆ ಒಂದು ಸಂಗತಿ ಹೇಳಬೇಕು. ನಮ್ಮ ಆಸ್ಪತ್ರೆ ಗೇಟಿನ ಎದುರು ಗೋಡೆಗೆ ನಿಮ್ಮ ಸಿನಿಮಾದ ಪೋಸ್ಟರ್ ಹಚ್ಚಿದ್ದಾರೆ. ಒಬ್ಬ ಕಪ್ಪು ಕೋಟು ಹಾಕಿಕೊಂಡು ಎತ್ತರದ ಕಟ್ಟಡದ ಅಂಚಿನಿಂದ ಒಂದೇ ಕೈಯಲ್ಲಿ ಜೋತು ಬಿದ್ದಿದ್ದಾನೆ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಮೇಲೆ ದಪ್ಪಕ್ಷರದಲ್ಲಿ ‘ಹೊಸ ನಾಯಕ, ಸಾಹಸವೆಲ್ಲ ಸ್ವತಃ ಅವನದೇ’ ಎಂದು ಬರೆದಿದೆ. ಬಸ್ಸಿಗೆ ಕಾಯುವ ಹುಡುಗಿಯರು ಆ ಬೆನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಅದು ನಿನ್ನ ಬೆನ್ನು ಕಣೋ.

ಎಡ ಹೆಗಲು ಒಂದಿಷ್ಟು ಜಗ್ಗಿದೆ. ಕಿವಿಯ ಹಿಂದೆ ಟ್ರಂಕಿನ ಅಂಚು ತಾಗಿ ಆದ ಕಲೆ ಇದೆ. ಆ ಕಲೆಗೆ ಅರಿಶಿನ ಮೆತ್ತಿದವಳು ನಾನು, ನನಗೇ ಸುಳ್ಳು ಹೇಳುತ್ತೀಯಾ? ಹಿಂದೆ ತಿರುಗಿ ನಿಲ್ಲುವುದು ಅಷ್ಟೇ ಅಂತೆ. ಗಾಳಿಯಲ್ಲಿ ನಿಲ್ಲುತ್ತಾರೇನೋ ಮಂಗ?

ಅಟ್ಟದ ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತು, ಮೇಲೆ ಹತ್ತಲೂ ಆಗದೆ ಕೆಳಗೆ ಇಳಿಯಲೂ ಆಗದೆ ಅತ್ತವನು ನೀನು. ಬಟ್ಟೆ ಒಣ ಹಾಕಲು ಮಹಡಿಗೆ ಕಳಿಸಿದರೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೆ. ನಾನು ಇರುವುದು ಮೂಳೆ ವಾರ್ಡಿನಲ್ಲಿ. ಎತ್ತರದಿಂದ ಬಿದ್ದವರನ್ನು ದಿನವೂ ಎಕ್ಸ್‌ರೇ ರೂಮಿಗೆ ತಳ್ಳಿಕೊಂಡು ಹೋಗುತ್ತೇನೆ. ದಯವಿಟ್ಟು ನಿಜ ಬರಿ. ಬೈಯುವುದಿಲ್ಲ.

ನಿನ್ನ ಅಕ್ಕ


ಜೂನ್ ೨೦

ಅಕ್ಕಾ,

ಹೂಂ, ಅದು ನಾನೇ. ಏನೀಗ?

ಊರೆಲ್ಲ ನೋಡಿ ಬಾಯಿ ಬಿಡ್ತಿರೋ ಬೆನ್ನು ನಂದು, ಹೆಸರು ಮಾತ್ರ ಅವನದು. ನೆನೆಸಿಕೊಂಡ್ರೆ ಮೈ ಉರಿಯತ್ತೆ. ಆ ಹೀರೋ ಕೆಟ್ಟೋನಲ್ಲ ಬಿಡು, ಅದೇ ಇನ್ನೂ ಸಿಟ್ಟು. ಕೆಟ್ಟೋನಾಗಿದ್ರೆ ಬೈಕೊಂಡಾದ್ರೂ ಇರಬಹುದಿತ್ತು. ನನ್ನ ನೋಡಿದ್ರೆ ಕುರ್ಚಿ ಬಿಟ್ಟು ಏಳ್ತಾನೆ, ಟೀ ಕುಡಿದ್ಯಾ ಅಂತಾನೆ. ನಾನು ಹಾರಿ ಬಿದ್ದ ಮೇಲೆ ಮೇಕಪ್‌ನೋರು ಬ್ರಶ್ಶಿನಲ್ಲಿ ಅವನ ಕೆನ್ನೆಗೆ ಧೂಳು ಬಳೀತಾರೆ. ಆಮೇಲೆ ಅವನು ಕ್ಯಾಮೆರಾ ಮುಂದೆ ಬಂದು ಏದುಸಿರು ಬಿಡ್ತಾನೆ. ಒಂದಿನ ನಂಗೇ ಕೇಳಿದ, ಏದುಸಿರು ಸರಿಯಾಗಿ ಬಂತಾ ಅಂತ.

ಭಯಪಡಬೇಡ. ಇಲ್ಲಿ ಹಗ್ಗದ ಮಾಮ ಅಂತ ಒಬ್ರು ಇದಾರೆ. ಹಗ್ಗ, ಕೊಕ್ಕೆ, ಕ್ರೇನು ಎಲ್ಲ ಅವರ ಕೈಯಲ್ಲೇ. ನಾನು ಹಾರೋಕೆ ಮುಂಚೆ ನನ್ನಷ್ಟೇ ತೂಕದ ಮರಳು ಚೀಲಕ್ಕೆ ನನ್ನ ಬೆಲ್ಟು ಕಟ್ಟಿ, ಅದನ್ನ ಮೊದಲು ಹಾರಿಸ್ತಾರೆ. ಚೀಲ ಹುಷಾರಾಗಿ ಬಂದ್ರೆ ನಾನೂ ಬರ್ತೀನಿ. ನಾವು ಆ ಚೀಲಕ್ಕೆ ಭಾವ ಅಂತ ಕರೀತೀವಿ, ಏನೇ ಮಾಡಿದ್ರೂ ಮಾತಾಡಲ್ಲ ಅಂತ.

ಬೆಲ್ಟೂ ಒಳ್ಳೇದು ಕೊಟ್ಟಿದಾರೆ. ಸೊಂಟಕ್ಕೆ, ತೊಡೆಗೆ ಎಲ್ಲ ಬಿಗಿಯೋದು, ಅಗಲ ಪಟ್ಟಿ. ನಂಗಿಂತ ಮುಂಚೆ ಇದ್ದ ಡೂಪ್‌ದಂತೆ. ಅವನಿಗೆ ಬೇರೆ ಪಿಕ್ಚರ್ ಸಿಕ್ತು, ಬಿಟ್ಟು ಹೋದ ಅಂತ ಕತ್ತರಿ ಹೇಳಿದ. ಒಳಮೈಗೆ ಯಾರೋ ನೀಲಿ ದಾರದಲ್ಲಿ ಒಂದು ಚೇಳು ಹೊಲಿದಿದಾರೆ. ಸೊಂಟಕ್ಕೆ ಚುಚ್ಚತ್ತೆ ದರಿದ್ರದ್ದು.

ದೊಡ್ಡ ಶಾಟ್ ಇರೋದು ಜುಲೈ ಹದಿನಾಲ್ಕಕ್ಕೆ, ಸಂಜೆ. ಏಳಂತಸ್ತಿನ ಪಾಳು ಕಟ್ಟಡದ ನೆತ್ತಿಯಿಂದ ಓಡಿ ಬಂದು ಹಾರಬೇಕು, ಗಾಳಿಯಲ್ಲಿ ತೂಗ್ತಿರೋ ಏಣಿ ಹಿಡೀಬೇಕು. ಅವತ್ತು ಪೇಪರಿನೋರು, ಟೀವಿಯೋರು ಎಲ್ಲ ಬರ್ತಾರಂತೆ, ದೂರದಲ್ಲಿ ನಿಂತು ಹೊಸ ಹೀರೋ ಹಾರೋದನ್ನ ನೋಡೋಕೆ. ಹೀರೋ ವ್ಯಾನಿನೊಳಗೆ ಬಚ್ಚಿಟ್ಕೊಂಡಿರ್ತಾನೆ. ನಂಗೇನು ಭಯ ಇಲ್ಲ. ಬೆಳಗ್ಗೆ ಸ್ವಲ್ಪ ಊಟ ಸೇರ್ತಿಲ್ಲ, ಅಷ್ಟೇ. ಇಲ್ಲಿ ಅಡುಗೆ ಚೆನ್ನಾಗಿಲ್ಲ.

ನಿನ್ನ ತಮ್ಮ


ಜೂನ್ ೨೮

ತಮ್ಮಾ,

ನಿಧಾನವಾಗಿ, ಕೂತು ಓದು.

ನಮ್ಮ ಮೂಲೆ ರೂಮಿನಲ್ಲಿ ಒಬ್ಬ ಇದ್ದಾನೆ. ನಿನ್ನಷ್ಟೇ ಎತ್ತರ, ನಿನ್ನದೇ ಹೆಗಲು. ಮೇ ತಿಂಗಳಲ್ಲಿ ಸೇರಿಸಿದರು. ಎರಡೂ ಕಾಲು, ಸೊಂಟ, ಒಂದು ತೋಳು ಮುರಿದಿದೆ. ನಿಮ್ಮ ಸಿನಿಮಾ ಕಂಪನಿಯ ಒಬ್ಬ ಯಾವಾಗಲೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಬೈಕಿನಿಂದ ಬಿದ್ದ ಎಂದು ಬರೆಸಿದ್ದಾರೆ. ಬೈಕಿನಿಂದ ಬಿದ್ದವರು ಹೀಗೆ ಒಡೆದಿರುವುದಿಲ್ಲ ಎಂದು ನಮಗೆಲ್ಲ ಗೊತ್ತು. ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ನಿನ್ನೆ ಅವನನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋದೆ. ಆ ರೂಮಿನೊಳಗೆ ಬೇರೆಯವರು ಬರುವಂತಿಲ್ಲ. ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿದರೆ ಕಂಪನಿಯವನೂ ಹೊರಗೇ. ಒಳಗೆ ನಾವು ಇಬ್ಬರೇ, ಗಾಜಿನ ಆಚೆ ಫೋಟೋ ತೆಗೆಯುವವರು. ಪೋಸ್ಟರಿನಲ್ಲಿರುವುದು ನನ್ನ ತಮ್ಮ ಎಂದು ಮೆಲ್ಲಗೆ ಹೇಳಿದೆ. ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟ.

ನಿನಗಿಂತ ಮುಂಚೆ ಇದ್ದವನು ಅವನೇ. ಬೇರೆ ಸಿನಿಮಾಕ್ಕೆ ಹೋಗಿಲ್ಲ. ಅದೇ ಕಟ್ಟಡದಿಂದ, ಅದೇ ಹಾರಾಟದಲ್ಲಿ ಬಿದ್ದ. ಒಂದೇ ಹಗ್ಗ ಕಟ್ಟಿದ್ದರಂತೆ. ಎರಡನೆಯದು ಇದ್ದರೆ ಕ್ಯಾಮೆರಾಕ್ಕೆ ಕಾಣುತ್ತದೆ ಎಂದು ಬಿಚ್ಚಿಸಿದರಂತೆ. ಮರಳು ಚೀಲವನ್ನು ನಂಬಬೇಡ ಎಂದು ಅವನು ಹೇಳಿದ. ಚೀಲ ಕೈಕಾಲು ಆಡಿಸುವುದಿಲ್ಲ. ಮನುಷ್ಯ ಗಾಳಿಯಲ್ಲಿ ಹೊರಳುತ್ತಾನೆ. ಹೊರಳಿದಾಗ ಕೊಕ್ಕೆ ಅಡ್ಡ ಸಿಕ್ಕಿ ಬಾಯಿ ಬಿಡುತ್ತದೆ. ಅವನ ಚೀಲವೂ ಹುಷಾರಾಗಿಯೇ ಇಳಿದಿತ್ತಂತೆ.

ಇನ್ನೊಂದು ಹೇಳಿದ. ಅವರ ಕಸುಬಿನಲ್ಲಿ ಕೆಲಸ ಬಿಟ್ಟು ಹೋಗುವವನು ತನ್ನ ಬೆಲ್ಟು ಬಿಟ್ಟು ಹೋಗುವುದಿಲ್ಲವಂತೆ. ಮನೆ ಮಾರಿದರೂ ಬೆಲ್ಟು ಮಾರುವುದಿಲ್ಲವಂತೆ. ಒಬ್ಬನ ಬೆಲ್ಟು ಸೆಟ್ಟಿನಲ್ಲೇ ಉಳಿದಿದೆ ಅಂದರೆ ಅವನು ತನ್ನ ಕಾಲ ಮೇಲೆ ನಡೆದು ಹೋಗಿಲ್ಲ ಎಂದೇ ಅರ್ಥ. ಆ ನೀಲಿ ಚೇಳು ಅವನ ಅಮ್ಮ ಹೊಲಿದದ್ದು.

ಬೇಗ ಮನೆಗೆ ಬಾ. ಯಾರಿಗೂ ಏನೂ ಹೇಳಬೇಡ. ಗಲಾಟೆ ಮಾಡಬೇಡ. ಸುಮ್ಮನೆ ಬಾ.

ನಿನ್ನ ಅಕ್ಕ


ಜುಲೈ ೪

ಅಕ್ಕಾ,

ಬರೋ ಕಾಗದಾನೂ ಕತ್ತರಿ ಬಿಡಲ್ಲ ಅಂತ ಇವತ್ತು ಗೊತ್ತಾಯ್ತು. ನಿಂದು ಬಂತು, ಬರೀ ಕಿಟಕಿಗಳು. ಹಿಡಿದು ನೋಡಿದ್ರೆ ಆ ಕಡೆ ಊಟದ ಡೇರೆ ಕಾಣತ್ತೆ. ಅವನ ಹತ್ರ ಹೋಗಿ ಕೂಗಾಡ್ದೆ. ‘ನಿಮ್ಮಕ್ಕ ಕಥೆ ಬಗ್ಗೆ ಏನೇನೋ ಬರೆದಿದ್ಲಪ್ಪಾ, ರೂಲ್ಸ್ ರೂಲ್ಸೇ’ ಅಂದ. ನಗ್ತಾ ಹೇಳಿದ. ಆಮೇಲೆ, ನಿಮ್ಮಕ್ಕ ಯಾವ ಆಸ್ಪತ್ರೆಲಿರೋದು ಅಂತ ಎರಡು ಸಲ ಕೇಳಿದ. ಏನು ಬರೆದೆ ನೀನು? ಕಥೆಗಿತೆ ನಿಂಗ್ಯಾಕೆ?

ಉಳಿದಿರೋದು ನಾಲ್ಕೇ ಸಾಲು. ನಿಧಾನವಾಗಿ ಕೂತು ಓದು ಅಂತಿದೆ. ಮೂಲೆ ರೂಮಿನಲ್ಲಿ ಒಬ್ಬ ಇದ್ದಾನೆ, ನಿನ್ನಷ್ಟೇ ಎತ್ತರ, ನಿನ್ನದೇ ಹೆಗಲು ಅಂತಿದೆ. ಆಮೇಲೊಂದು ದೊಡ್ಡ ತೂತು. ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟ ಅಂತಿದೆ. ಮತ್ತೆ ತೂತು. ಕೊನೇಲಿ ಬೇಗ ಮನೆಗೆ ಬಾ.

ಅರ್ಥ ಆಯ್ತು ಬಿಡು. ಕೈ ಹಿಡಿಯೋವರೆಗೂ ಹೋಗಿದೆ ವಿಷಯ. ತಮ್ಮ ಊರಲ್ಲಿಲ್ಲ ಅಂತ ಧೈರ್ಯ ಬಂತಾ ಅವನಿಗೆ? ನಿಂಗೆ ಇಷ್ಟ ಇದ್ರೆ ನಂದೇನೂ ತಕರಾರಿಲ್ಲ. ಆದ್ರೆ ಆಸ್ಪತ್ರೆ ಮಂಚದ ಮೇಲೆ ಮಲಗಿಕೊಂಡು ಹುಡುಗಿ ಕೈ ಹಿಡಿದು ಅಳೋ ಗಂಡಸನ್ನ ನಾನಂತೂ ನಂಬಲ್ಲ. ನಿನ್ನ ಕಣ್ಣಲ್ಲಿ ನೀರು ಹಾಕಿಸಿದ್ರೆ ಅವನ ಎರಡೂ ಕಾಲು ಮುರೀತೀನಿ ಅಂತ ಹೇಳು.

ಹದಿನಾಲ್ಕು ಮುಗಿಸಿಕೊಂಡು ಬಂದು ಅವನ ಮುಖ ನೋಡ್ತೀನಿ. ನಿನ್ನೆ ಮೇಲೆ ಹತ್ತಿಸಿ ಅಂಚಿನಲ್ಲಿ ನಿಲ್ಲಿಸಿದ್ರು, ಬೆಳಕು ನೋಡೋಕೆ. ಕೆಳಗೆ ನೋಡಬೇಡ ಅಂದ್ರು ಮಾಮ. ನೋಡಿದೆ. ಜನ ಗುಂಡಿ ಥರ ಕಾಣ್ತಿದ್ರು, ಅಂಗಿ ಗುಂಡಿ.

ನಿನ್ನ ತಮ್ಮ


ಜುಲೈ ೮

ಪ್ರೀತಿಯ ತಮ್ಮ,

ಹೂಂ ಕಣೋ, ನೀನು ಊಹಿಸಿದ್ದು ಸರಿ. ನಿನ್ನಿಂದ ಏನು ಮುಚ್ಚಿಡಲಿ. ಕೈ ಹಿಡಿದವರು ಒಳ್ಳೆಯವರು. ಕಾಲು ಮುರಿಯುವ ಮಾತು ಆಡಬೇಡ, ಪಾಪ.

ಅವರು ಈಗ ಇಲ್ಲಿಲ್ಲ. ಹೋದ ಶನಿವಾರ ಅವರ ಕಡೆಯವರು ಬಂದು ಕರೆದುಕೊಂಡು ಹೋದರು. ಎಲ್ಲಿಗೆ ಎಂದು ನನಗೆ ಹೇಳಲಿಲ್ಲ. ನನಗೂ ಕೆಲಸ ಬದಲಾಗಿದೆ. ಈಗ ಕೆಳಗಿನ ಮಹಡಿಯಲ್ಲಿ ಚಾದರ ಮಡಿಸುತ್ತೇನೆ. ಆರಾಮ.

ಒಂದು ಸಣ್ಣ ಉಪಕಾರ ಆಗಬೇಕು. ನಿನ್ನ ಭಾವ ಆಗುವವರು ನೀನಿರುವ ಊರಿನಲ್ಲೇ ತಮ್ಮ ಬೆಲ್ಟು ಬಿಟ್ಟು ಬಂದಿದ್ದಾರೆ. ಒಳಮೈಗೆ ಅವರ ಅಮ್ಮ ನೀಲಿ ದಾರದಲ್ಲಿ ಚೇಳು ಹೊಲಿದದ್ದು. ಅವರ ಕಡೆಯವರು ಬೆಲ್ಟು ಬಿಟ್ಟು ಹೋಗುವವರೇ ಅಲ್ಲವಂತೆ. ಯಾಕೆ ಬಿಟ್ಟು ಬಂದರು ಎಂದು ನಿನ್ನ ಮಾಮನನ್ನು ಕೇಳು, ಅವರಿಗೆ ಗೊತ್ತಿರುತ್ತದೆ. ಹದಿನಾಲ್ಕರ ಒಳಗೆ ಕೇಳು. ಶುಭ ಕಾರ್ಯ, ತಡ ಮಾಡಬಾರದು.

ಇಲ್ಲಿ ಎಲ್ಲ ಚೆನ್ನಾಗಿದೆ. ನಾನು ಚೆನ್ನಾಗಿದ್ದೇನೆ. ನಗುತ್ತಲೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕ


ಜುಲೈ ೧೩

ಅಕ್ಕಾ,

ನಿನ್ನ ಕಾಗದ ತೂತಿಲ್ಲದೆ ಬಂತು. ಕತ್ತರಿ ಅದನ್ನ ಕೊಡ್ತಾ ನಂಗೆ ಕಂಗ್ರಾಟ್ಸ್ ಬೇರೆ ಹೇಳಿದ, ಭಾವ ಸಿಕ್ರಲ್ಲ ಅಂತ. ಮೊದಲ ನಾಲ್ಕು ಸಾಲು ನೋಡಿ, ಮದುವೆ ಕಾಗದ ಅಂತ ಮುಂದೆ ಓದದೇ ಬಿಟ್ಟಿರಬೇಕು. ನಾನು ನಿಂತಲ್ಲೇ ಚೇಳು ಅನ್ನೋದನ್ನ ಓದಿದೆ. ಬೆಲ್ಟು ಸೊಂಟದಲ್ಲೇ ಇತ್ತು. ಅದು ಚುಚ್ಚೋ ಜಾಗ ಒಂದೇ ಸಲ ತಣ್ಣಗಾಯ್ತು.

ಮಾಮ ಕಟ್ಟಡದ ಹಿಂದೆ ಹಗ್ಗ ಸುತ್ತುತ್ತಾ ಕೂತಿದ್ರು. ಹೋಗಿ ಕೇಳಿದೆ.

‘ಮಾಮ, ಈ ಬೆಲ್ಟು ಯಾರದು?’

ಅವರ ಕೈ ನಿಂತುಹೋಯ್ತು. ನನ್ನ ಮುಖ ನೋಡಲಿಲ್ಲ. ಹಗ್ಗ ನೋಡ್ತಾನೇ ಒಂದೇ ಮಾತು ಕೇಳಿದ್ರು.

‘ಬದುಕಿದಾನಾ?’

ಅಕ್ಕಾ, ಇಷ್ಟು ದಿನ ನನ್ನ ಸೊಂಟಕ್ಕೆ ಕೈಯಾರೆ ಕೊಕ್ಕೆ ಹಾಕ್ತಿದ್ದ ಮನುಷ್ಯ ಕೇಳಿದ ಪ್ರಶ್ನೆ ಇದು. ಆಸ್ಪತ್ರೆಲಿದ್ದ, ನಮ್ಮಕ್ಕನ ಹತ್ರ ಮಾತಾಡಿದ, ಈಗ ಎಲ್ಲಿಗೋ ಸಾಗಿಸಿದಾರೆ ಅಂದೆ. ಹಗ್ಗ ಕೆಳಗೆ ಹಾಕಿ ಎರಡೂ ಕೈಯಲ್ಲಿ ಮುಖ ಮುಚ್ಕೊಂಡ್ರು. ಆಮೇಲೆ ಎಲ್ಲ ಹೇಳಿದ್ರು. ಎರಡನೇ ಹಗ್ಗ ಬೇಕೇ ಬೇಕು ಅಂತ ಅವತ್ತು ಹಟ ಹಿಡಿದಿದ್ರಂತೆ. ಕ್ಯಾಮೆರಾಗೆ ಕಾಣತ್ತೆ ಅಂತ ಬಿಚ್ಚಿಸಿದ್ರಂತೆ. ಬಿದ್ದಾಗ ಅವನ ಕೈ ಆಡ್ತಿತ್ತಂತೆ, ಬಟ್ಟೆ ವ್ಯಾನಿಗೆ ಹಾಕ್ಕೊಂಡು ಹೋದ್ರಂತೆ. ಆಮೇಲೆ ಕತ್ತರಿ ಬಂದು, ಬಾಯಿ ಬಿಟ್ರೆ ನಿನ್ನ ಹಗ್ಗದ ತಪ್ಪು ಅಂತ ಬರೀತೀವಿ ಅಂದನಂತೆ. ಮಾಮ ಬಾಯಿ ಬಿಡಲಿಲ್ಲ. ನಂಗೂ ಹೇಳಲಿಲ್ಲ. ಹೊಡೀಬೇಕು ಅನ್ನಿಸ್ತು. ಕೈ ಎತ್ತಿದೆ. ಅವರು ತಪ್ಪಿಸಿಕೊಳ್ಳಲೇ ಇಲ್ಲ, ಹೊಡಿ ಅನ್ನೋ ಥರ ಕೂತಿದ್ರು. ಕೈ ಇಳಿಸಿದೆ.

ನಾಳೆಯೂ ಒಂದೇ ಹಗ್ಗ.

ಓಡಿ ಹೋಗ್ತೀನಿ ಅಂದೆ. ಮಾಮ ಹೇಳಿದ್ರು, ನೀನು ಹೋದ್ರೆ ಲಾರಿ ಕ್ಲೀನರ್‌ನ ನಿಲ್ಲಿಸ್ತಾರೆ, ನಿನ್ನೆ ಕತ್ತರಿ ಅವನ ಬೆನ್ನು ಅಳೆದು ಹೋದ ಅಂತ. ಆ ಕ್ಲೀನರ್ ನನ್ನ ಹತ್ರ ಬಂದು ಖುಷಿಯಾಗಿ ಹೇಳ್ದ, ಅಣ್ಣಾ, ಮುಂದಿನ ಪಿಕ್ಚರಿಗೆ ನಾನೂ ಸೇರ್ತೀನಿ ಅನ್ಸತ್ತೆ ಅಂತ. ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ.

ನಾನು ಹಾರಿದ್ರೆ ನಾನು. ನಾನು ಓಡಿದ್ರೆ ಅವನು. ಏನು ಮಾಡ್ಲಿ ಹೇಳು. ನೀನು ಹೇಳೋ ಅಷ್ಟರಲ್ಲಿ ನಾಳೆ ಮುಗಿದಿರತ್ತೆ. ಅದೂ ಗೊತ್ತು. ಆದ್ರೂ ಕೇಳ್ತಿದೀನಿ.

ನಿನ್ನ ತಮ್ಮ


ಜುಲೈ ೧೪, ಮಧ್ಯಾಹ್ನ

ತಮ್ಮಾ,

ಇದನ್ನು ಪೋಸ್ಟಿಗೆ ಹಾಕುವುದಿಲ್ಲ. ಪಕ್ಕದ ಮನೆ ಆಂಟಿಯ ಕೈಗೆ ಕೊಟ್ಟು ಹೋಗುತ್ತೇನೆ. ನನಗಿಂತ ಮೊದಲು ನೀನೇ ಮನೆಗೆ ಬಂದರೆ ಓದು. ಬರುತ್ತೀಯ. ಬಂದೇ ಬರುತ್ತೀಯ.

ಭಾನುವಾರ ನಾನು ನಿನ್ನನ್ನು ಹುಡುಕಿಕೊಂಡು ಅಲ್ಲಿಗೆ ಬಂದಿದ್ದೆ. ನಿನಗೆ ಹೇಳಿರಲಾರರು. ನನ್ನ ತಮ್ಮ ಇಲ್ಲಿ ಡೂಪ್ ಆಗಿದ್ದಾನೆ ಎಂದೆ. ಗೇಟಿನವನು, ‘ನಮ್ಮಲ್ಲಿ ಡೂಪ್ ಅಂತ ಯಾರೂ ಇಲ್ಲಮ್ಮ, ಎಲ್ಲ ಹೀರೋನೇ ಮಾಡ್ತಾರೆ’ ಎಂದ. ಪೊಲೀಸ್ ಸ್ಟೇಷನ್ನಿಗೂ ಹೋದೆ. ಇನ್ನೂ ಯಾರೂ ಬಿದ್ದಿಲ್ಲವಲ್ಲ, ಏನಂತ ಬರೆದುಕೊಳ್ಳಲಿ ಎಂದರು. ಬಿದ್ದಮೇಲೆ ಬನ್ನಿ ಎಂದು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಇವತ್ತು ಬೆಳಗ್ಗೆ ಚಾದರ ಮಡಿಸುತ್ತಿದ್ದೆ. ಮೇಲಿನಿಂದ ನರ್ಸಮ್ಮ ಫೋನ್ ಮಾಡಿ, ಮೂಲೆ ರೂಮಿಗೆ ಹೊಸ ಚಾದರ ಬೇಕು, ಸಿನಿಮಾ ಕಂಪನಿಯವರು ಹಾಸಿಗೆ ಕಾದಿರಿಸಿದ್ದಾರೆ ಎಂದರು. ಯಾರನ್ನೋ ಕರೆತರುತ್ತಿದ್ದಾರೆ ಎಂದುಕೊಂಡೆ. ಯಾವಾಗ ಬರುತ್ತಾರೆ, ಯಾರು ಎಂದು ಕೇಳಿದೆ. ‘ಯಾರೋ ಗೊತ್ತಿಲ್ಲ ಕಣೇ, ಸಂಜೆ ಮೇಲೆ ಬೇಕಾಗಬಹುದು ಅಂದ್ರು’ ಎಂದರು.

ಸಂಜೆ ಮೇಲೆ. ಬೇಕಾಗಬಹುದು.

ನೀನು ಹಾರುವುದು ಸಂಜೆ. ಹಾಸಿಗೆ ಬೆಳಗ್ಗೆಯೇ ತಯಾರು.

ಆ ಚಾದರವನ್ನು ನಾನೇ ಹಾಸಿ ಬಂದೆ ತಮ್ಮಾ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಸುಕ್ಕಿಲ್ಲದ ಹಾಗೆ ಹಾಸಿದೆ. ಹಾಸಿ ನಾಲ್ಕು ಹೆಜ್ಜೆ ಬಂದವಳು ತಿರುಗಿ ಹೋಗಿ ಎಳೆದು ಕಿತ್ತು ನೆಲಕ್ಕೆ ಹಾಕಿದೆ. ಕೇಳದೆ ಕೆಲಸದ ಮಧ್ಯೆ ಎದ್ದು ಬಂದಿದ್ದೇನೆ. ಬಸ್ಸು ಈಗ ಇದೆ. ಸಂಜೆಯೊಳಗೆ ಮುಟ್ಟುತ್ತದೋ ಇಲ್ಲವೋ. ಈ ಸಲ ಗೇಟಿನಿಂದ ಏಳುವುದಿಲ್ಲ.

ನಿನ್ನ ಅಕ್ಕ


ಜುಲೈ ೧೫

ಅಕ್ಕಾ,

ನಾನು ಮನೆಲಿದೀನಿ. ಕೈಕಾಲು ಎಲ್ಲ ಇದೆ.

ನಾನು ಈ ಕಡೆ ಬಂದೆ, ನೀನು ಆ ಕಡೆ ಹೋದೆ. ನಮ್ಮ ಲಾರಿಯೂ ನಿನ್ನ ಬಸ್ಸೂ ದಾರೀಲಿ ಎಲ್ಲೋ ಎದುರು ಬದುರು ಹೋಗಿರಬೇಕು. ಆಂಟಿ ನಿನ್ನ ಕಾಗದ ಕೊಟ್ರು. ಬೀಗ ತೆಗೆಯೋಕೂ ಆಗಲಿಲ್ಲ, ಮೆಟ್ಟಿಲ ಮೇಲೇ ಕೂತು ಓದಿದೆ. ನನ್ನ ಹದಿಮೂರನೇ ತಾರೀಕಿನ ಕಾಗದ ಈಗ ನನ್ನ ಕಣ್ಣೆದುರೇ ಪೋಸ್ಟ್‌ಮ್ಯಾನ್ ತಂದು ಹಾಕಿ ಹೋದ.

ನಿನ್ನ ಫೋನಿಗೆ ಆಂಟಿ ಫೋನಿಂದ ಮಾಡಿ ಮಾಡಿ ಸಾಕಾಯ್ತು. ಗೇಟಿನಲ್ಲಿ ನಿಂದೂ ಕಿತ್ಕೊಂಡಿದಾರೆ ಅಂತ ಮಾಮ ಹೇಳಿದ ಮೇಲೆ ಗೊತ್ತಾಯ್ತು. ನಾನು ಮೊದಲೇ ಕೊಟ್ಟಿದ್ದ ಆಂಟಿ ನಂಬರಿಗೆ, ಅಲ್ಲಿ ರಸ್ತೆ ಕೊನೇಲಿರೋ ಅಂಗಡಿಯಿಂದ ಮಾಮ ಫೋನ್ ಮಾಡಿದ್ರು. ನೀನು ಗೇಟಿಗೆ ಬೆನ್ನು ಕೊಟ್ಟು ಕೂತಿದೀಯಂತೆ. ನನ್ನ ತಮ್ಮನ್ನ ತೋರಿಸಿ ಅಂತಿದೀಯಂತೆ. ಅವನು ಹುಷಾರಾಗಿ ಮನೆಗೆ ಹೋದ ಅಂದ್ರೆ, ನೀವೆಲ್ಲ ಹಾಗೇ ಹೇಳೋದು ಅಂತೀಯಂತೆ. ಅಂಗಡಿ ಫೋನಿಗೆ ಬಾ, ಮಾತಾಡಿಸ್ತೀನಿ ಅಂದ್ರೆ, ಗೇಟು ಬಿಟ್ರೆ ಹಿಂದಿನಿಂದ ಅವನನ್ನ ಸಾಗಿಸಿಬಿಡ್ತೀರಿ ಅಂದೆಯಂತೆ. ‘ನಿಮ್ಮಕ್ಕ ನಿನ್ನ ಕೈಬರಹ ನೋಡಿದ್ರೆ ಮಾತ್ರ ನಂಬ್ತೀನಿ ಅಂತಿದಾಳಪ್ಪಾ, ಅದೂ ಕತ್ತರಿ ಮುಟ್ಟದೆ ಇರೋದು’ ಅಂದ್ರು ಮಾಮ. ಅದಕ್ಕೇ ಇದು. ಡ್ರೈವರ್ ಲಾರಿ ಸ್ಟಾರ್ಟ್ ಮಾಡ್ಕೊಂಡು ಕಾಯ್ತಿದಾನೆ. ನಾನೇ ಬರ್ತಿದ್ದೆ. ಬೆಲ್ಟು ಕದ್ದ ಅಂತ ಗೇಟಿನಲ್ಲಿ ನನ್ನ ಹೆಸರು ಕೊಟ್ಟಿದಾರಂತೆ, ಈ ಕಡೆ ತಲೆ ಹಾಕಬೇಡ ಅಂತ ಮಾಮ ಕೈಮುಗಿದ್ರು.

ನಿನ್ನೆ ಆಗಿದ್ದು ಹೇಳ್ತೀನಿ.

ಭಾವನ್ನ ಮೊದಲು ಹಾರಿಸಿದ್ರು. ಚೀಲ ಹುಷಾರಾಗಿ ಹೋಯ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಂಗೆ ವಿಗ್ ಹಾಕಿದ್ರು. ಮಾಮ ಕೊಕ್ಕೆ ಹಾಕಿ, ಬಿಚ್ಚಿ, ಮತ್ತೆ ಹಾಕಿದ್ರು. ಎರಡನೇ ಹಗ್ಗ ಕೊಡಿ ಅಂತ ಕತ್ತರಿನ ಕೇಳಿದೆ. ಮೆಲ್ಲಗೆ, ಮರ್ಯಾದೆಯಿಂದ ಕೇಳಿದೆ. ‘ಹಾರೋಕೆ ಬಂದಿದ್ಯಾ, ಹರಟೆ ಹೊಡೆಯೋಕೆ ಬಂದಿದ್ಯಾ?’ ಅಂದ. ಮೈಕಿನಲ್ಲಿ ಕೂಗಿದ್ರು. ಓಡಿದೆ. ಓಡ್ತಾ ಓಡ್ತಾ ಅಂಚಿಗೆ ಬಂದುಬಿಟ್ಟೆ. ನಿಂತೆ.

ಕೆಳಗೆ ಎಲ್ಲ ಗುಂಡಿಗಳೂ ಮೇಲೆ ನೋಡ್ತಿದ್ವು. ಪ್ಯಾಂಟು ಒದ್ದೆಯಾಯ್ತು. ಇದನ್ನ ಯಾರಿಗೂ ಹೇಳಬೇಡ. ಅಟ್ಟದ ಏಣಿ ನೆನಪಾಯ್ತು. ಮೂರನೇ ಮೆಟ್ಟಿಲು. ಅವತ್ತು ನೀನು ಕೆಳಗಿಂದ ಹೇಳಿದ್ದೆ, ಈ ಕಡೆ ತಿರುಗು, ನನ್ನ ನೋಡು, ನೋಡ್ತಾ ಇಳಿ ಅಂತ.

ತಿರುಗಿದೆ.

ಅಷ್ಟೇ ಮಾಡಿದ್ದು ಅಕ್ಕ. ಡೂಪ್ ಯಾವತ್ತೂ ಮಾಡಬಾರದ್ದು ಅದೊಂದೇ. ಕ್ಯಾಮೆರಾ ನನ್ನ ಹಿಂದೇ ಇತ್ತು, ಅದರ ಗಾಜಿನೊಳಗೆ ನನ್ನ ಮುಖ ಕಾಣ್ತು. ವಿಗ್ ಕಿತ್ತು ಕೆಳಗೆ ಎಸೆದೆ. ನಾನು ಹಾರಲ್ಲ, ನನಗಿಂತ ಮುಂಚೆ ಹಾರಿದೋನು ಎಲ್ಲಿದಾನೆ ಹೇಳಿ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಗದ್ದಲ ಕೇಳಿ ವ್ಯಾನಿನ ಬಾಗಿಲು ತೆಗೆದು ಹೀರೋ ಹೊರಗೆ ಬಂದ, ಅದೇ ಕಪ್ಪು ಕೋಟು, ಕೆನ್ನೆ ತುಂಬ ಆಗಲೇ ಧೂಳು ಬಳಿದಿದ್ರಂತೆ. ಪೇಪರಿನೋರು ಮೇಲೆ ನೋಡಿದ್ರು, ಅವನನ್ನ ನೋಡಿದ್ರು, ಮತ್ತೆ ಮೇಲೆ ನೋಡಿದ್ರು. ಅವನು ಅಳ್ತಾ ನಿಂತಿದ್ದ ಅಂತಾರೆ. ನಿಜವೋ ಸುಳ್ಳೋ, ಅಷ್ಟು ಮೇಲಿಂದ ನಂಗೆ ಕಾಣಲಿಲ್ಲ.

ಮಾಮ ಕೊಕ್ಕೆ ಬಿಚ್ಚಿದ್ರು. ನಾನು ಬೆಲ್ಟಿಗೆ ಕೈ ಹಾಕಿದೆ, ಬಿಚ್ಚಿ ಬಿಸಾಕೋಣ ಅಂತ. ಅವರು ನನ್ನ ಕೈ ಹಿಡ್ಕೊಂಡ್ರು. ‘ಬಿಚ್ಚಬೇಡ. ನಡ್ಕೊಂಡು ಹೋಗೋನು ಬೆಲ್ಟು ತಗೊಂಡೇ ಹೋಗಬೇಕು’ ಅಂದ್ರು. ಇಳಿದು ಓಡಿದೆ. ಡ್ರೈವರ್ ಲಾರಿ ತಿರುಗಿಸಿಕೊಂಡು ನಿಂತಿದ್ದ, ಕ್ಲೀನರ್‌ನೂ ಎಳೆದು ಹತ್ತಿಸಿದೆ. ದಾರಿಯುದ್ದ ಖಾಲಿ ಟ್ಯಾಂಕು ಬೆನ್ನ ಹಿಂದೆ ಗುಂಯ್ ಅಂತಿತ್ತು.

ಬೆಲ್ಟು ಇಲ್ಲೇ ನನ್ನ ತೊಡೆ ಮೇಲಿದೆ. ಅದರ ಯಜಮಾನ ಎಲ್ಲಿದಾನೆ ಅಂತ ಹುಡುಕಬೇಕು. ನೀನು ಬಂದ ಮೇಲೆ ಇಬ್ರೂ ಹುಡುಕೋಣ. ಒಬ್ಬನೇ ಹೋಗೋಕೆ ನಂಗೆ ಭಯ. ನೋಡು, ಬರೆದುಬಿಟ್ಟೆ. ಎಲ್ಲದಕ್ಕೂ ಭಯ ಆಗಿತ್ತು, ಮೊದಲನೇ ದಿನದಿಂದ. ಊಟ ಸೇರದಿದ್ದದ್ದು ಅಡುಗೆಗಲ್ಲ.

ಈ ಕಾಗದ ಕೈಗೆ ಬಂದ ತಕ್ಷಣ ಎತ್ತಿ ಬಿಸಿಲಿಗೆ ಹಿಡಿದು ನೋಡು. ಒಂದೇ ಒಂದು ತೂತಿದ್ರೂ ನಂಬಬೇಡ, ಅಲ್ಲೇ ಕೂತಿರು. ತೂತಿಲ್ಲ ಅಂದ್ರೆ ಎದ್ದು ಲಾರಿ ಹತ್ತಿ ಬಾ.

ನಾನು ಮೆಟ್ಟಿಲ ಮೇಲೆ, ರಸ್ತೆ ಕಡೆ ಮುಖ ಮಾಡಿ ಕೂತಿರ್ತೀನಿ.

ನಿನ್ನ ತಮ್ಮ